ನಾಲ್ಕು ಗಂಟೆಯ ಬಸ್ಸು

ತುಮಕೂರು ಜಿಲ್ಲೆಯ ನಮ್ಮೂರ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡೋರದ್ದು ಒಂದು ಬಳಗ ಇದೆ. ಹಬ್ಬದ ಶುಭಾಶಯ, ಮದುವೆ ಪತ್ರಿಕೆ ಬಿಟ್ಟರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೆಚ್ಚೇನೂ ನಡೆಯಲ್ಲ. ಈ ಸಲ ಎಲ್ಲರೂ ದುಡ್ಡು ಹಾಕಿ ಊರಿನ ಸುತ್ತಲ ಸರ್ಕಾರಿ ಶಾಲೆಗಳಿಗೆ ಸ್ಮಾರ್ಟ್ ಟಿವಿ ಕೊಡಿಸೋಣ ಅಂತ ಮಾತಾಯ್ತು. ಮೊದಲು ನೋಡ್ಕೊಂಡು ಬರೋಣ ಅಂತ ಹನ್ನೊಂದು ಜನ ಹೊರಟ್ವಿ. ಶನಿವಾರ ಶಾಲೆ ಬೆಳಗಿನ ಹೊತ್ತು ಮಾತ್ರ, ಅದಕ್ಕೇ ಶುಕ್ರವಾರ ರಜೆ ಹಾಕಿದ್ದು.

ಮೊದಲನೆಯದು ಕಿರಿಯ ಪ್ರಾಥಮಿಕ ಶಾಲೆ. 19 ಮಕ್ಕಳು, ಇಬ್ಬರು ಟೀಚರ್. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ, ಲೆಕ್ಕ ಸರಿಯಾಗಿದೆ. ಆದರೆ ಒಬ್ಬರು ಮೀಟಿಂಗ್ ಅಂತ ಹೋದರೆ ಐದೂ ಕ್ಲಾಸು ಇನ್ನೊಬ್ಬರ ತಲೆ ಮೇಲೆ. ಒಂದರಿಂದ ಮೂರನೇ ಕ್ಲಾಸಿಗೆ ನಲಿ-ಕಲಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ. ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡ್ಕೊಂಡು, ತಮ್ಮ ತಮ್ಮ ವೇಗದಲ್ಲಿ ಕಲೀತಾರೆ. ಹೊರಗಿನಿಂದ ಬರೀ ಗಲಾಟೆ. ಹತ್ತು ನಿಮಿಷ ಕೂತರೆ ಮಾತ್ರ ಯಾವ ಮಗು ಎಲ್ಲಿದೆ ಅಂತ ಟೀಚರ್‌ಗೆ ಪಕ್ಕಾ ಗೊತ್ತಿರೋದು ಕಾಣುತ್ತೆ. ನಮ್ಮ ಆಫೀಸಿನ ಬೆಳಗಿನ ಮೀಟಿಂಗ್‌ಗಳಲ್ಲಿ ಇಷ್ಟು ಸ್ಪಷ್ಟತೆ ನಾನು ಕಂಡಿಲ್ಲ.

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟಕ್ಕೆ ಮಕ್ಕಳ ಜೊತೆಗೇ ಕೂತ್ವಿ. ಆಮೇಲೆ ಹೆಡ್‌ಮಾಸ್ಟರು ಒಂದು ರೂಮಿನ ಬೀಗ ತೆಗೆದರು. ಬಟ್ಟೆ ಹೊದ್ದುಕೊಂಡ ಆರು ಕಂಪ್ಯೂಟರು. "ಯುಪಿಎಸ್ ಬ್ಯಾಟರಿ ಎರಡೇ ವರ್ಷಕ್ಕೆ ಹೋಯ್ತು ಸಾರ್. ಹೊಸದನ್ನ ಯಾವ ದುಡ್ಡಲ್ಲಿ ಹಾಕ್ಸೋದು?" ಗೋಡೆ ಮೇಲೆ ದಾನಿಗಳ ಬೋರ್ಡು ಮಾತ್ರ ಮಿಂಚ್ತಾ ಇತ್ತು. ಸ್ಮಾರ್ಟ್ ಟಿವಿ ಮಾತು ಅಲ್ಲಿಗೆ ಮುಗೀತು.

ಹೈಸ್ಕೂಲು ಅಲ್ಲಿಂದ ಐದು ಕಿಲೋಮೀಟರ್. 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿತ್ತಲ್ಲ, ಕೋವಿಡ್ ಬಂದಮೇಲೆ ಅದು ನಿಂತಿತು. ಈಗ ಬಸ್ಸು, ಇಲ್ಲಾಂದ್ರೆ ಯಾರದಾದ್ರೂ ಬೈಕಿನ ಹಿಂದೆ.

ಸಂಜೆ ಹೊತ್ತಿಗೆ ತಾಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿಗೆ ಹೋದಾಗ ಬಸ್ಸಿನ ಕಥೆ ಪೂರ್ತಿ ತಿಳೀತು. ಬಿಎ ಓದ್ತಿರೋ ಒಬ್ಬ ಹುಡುಗಿ ಪಿಯುಸಿಯಲ್ಲಿ ಸೈನ್ಸ್ ತಗೊಂಡು ಒಳ್ಳೇ ಮಾರ್ಕ್ಸ್ ತೆಗೆದವಳು. ಬಿಎಸ್ಸಿ ಯಾಕೆ ಸೇರಲಿಲ್ಲ ಅಂತ ಕೇಳಿದ್ದಕ್ಕೆ, "ಲ್ಯಾಬ್ ಬಿಡೋದು ನಾಲ್ಕೂವರೆಗೆ ಅಣ್ಣ, ನಮ್ಮೂರ ಬಸ್ಸು ನಾಲ್ಕಕ್ಕೆ" ಅಂದಳು. ಮುಂದಿನದು ಏಳು ಗಂಟೆಗೆ. ಕ್ರಾಸಲ್ಲಿ ಇಳಿದು ಎರಡು ಕಿಲೋಮೀಟರ್ ಕತ್ತಲಲ್ಲಿ ನಡೀಬೇಕು, ಮನೇಲಿ ಒಪ್ಪಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಅದರಿಂದಲೇ ಕಾಲೇಜಿಗೆ ಬರೋಕೆ ಆಗ್ತಿದೆ ಅಂತ ಅವಳೇ ಹೇಳಿದಳು. ಆದರೆ ಏನು ಓದಬೇಕು ಅನ್ನೋದನ್ನ ಬಸ್ಸಿನ ಟೈಮೇ ತೀರ್ಮಾನ ಮಾಡಿಬಿಟ್ಟಿದೆ. ಇನ್ನೂ ನಾಲ್ಕೈದು ಹುಡುಗಿಯರು ಇದೇ ಮಾತು ಹೇಳಿದರು. ಒಂದೊಂದೇ ಶಾಲೆ ನೋಡಿ ವಾಪಸ್ ಬಂದಿದ್ದರೆ ಇದು ನಮಗೆ ಕಾಣ್ತಾನೇ ಇರಲಿಲ್ಲ.

ವಾಪಸ್ ಬರ್ತಾ ಟಿಟಿಯಲ್ಲಿ ಜೋರು ವಾದ. ವ್ಯಾನ್ ಬಾಡಿಗೆಗೆ ಇಡೋಣ ಅಂದ ಒಬ್ಬ. ಎರಡನೇ ವರ್ಷ ಆ ದುಡ್ಡು ಯಾರು ಕೊಡ್ತಾರೆ? ಬ್ಯಾಟರಿ ಕಥೆಯೇ ಮತ್ತೆ. ಕೊನೆಗೆ, ಬಸ್ಸನ್ನ ಮುಕ್ಕಾಲು ಗಂಟೆ ಮುಂದೂಡಿ ಅಂತ ಡಿಪೋಗೆ ಅರ್ಜಿ ಕೊಡೋದು ಅಂತಾಯ್ತು. ನಾಲ್ಕೂವರೆಗೆ ಬಿಡೋ ಹೈಸ್ಕೂಲ್ ಮಕ್ಕಳಿಗೂ ಆಗ ಅದೇ ಬಸ್ಸು ಸಿಗುತ್ತೆ. ಪ್ರಾಂಶುಪಾಲರು, ಹೈಸ್ಕೂಲ್ ಹೆಡ್‌ಮಾಸ್ಟರು, ಎಸ್‌ಡಿಎಂಸಿ ಅಧ್ಯಕ್ಷರು ಮೂವರೂ ಸಹಿ ಹಾಕಿದ್ದಾರೆ.

ಡಿಪೋದವರು ಕೇಳಿದ್ದೂ ನ್ಯಾಯವೇ: ಸಂತೆ, ಆಸ್ಪತ್ರೆ ಮುಗಿಸಿ ಆ ನಾಲ್ಕರ ಬಸ್ಸಿಗೇ ಕಾಯೋ ವಯಸ್ಸಾದವರು ಏನು ಮಾಡಬೇಕು? ಯಾವ ಸ್ಟಾಪಿನಿಂದ ಎಷ್ಟು ವಿದ್ಯಾರ್ಥಿಗಳು ಹತ್ತುತ್ತಾರೆ, ಪಟ್ಟಿ ಕೊಡಿ, ಆಮೇಲೆ ನೋಡೋಣ ಅಂದಿದ್ದಾರೆ. ಕಾಲೇಜಿನ ಪಟ್ಟಿ ಮೊನ್ನೆ ಬಂತು, 37 ಹೆಸರು. ಹೈಸ್ಕೂಲಿನದ್ದು ಇನ್ನೂ ಬರಬೇಕು.