ಲಾಳ ಸವೆದರೆ ಎತ್ತು ಮಾರುತ್ತೀರಾ?

ಗೂಳೂರಿನ ಮಹಾಜನರೇ, ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಬಂಧುಗಳೇ,

ಎರಡು ವರ್ಷದ ಹಿಂದೆ ತಂದ ಫೋನು. ಬೆಳಿಗ್ಗೆ ನೂರು ತೋರಿಸಿದ್ದು ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಹದಿನೈದಕ್ಕೆ ಇಳಿದಿರುತ್ತದೆ. ಮಂಡಿಪೇಟೆಯಲ್ಲಿ ಸಾಮಾನು ಕಟ್ಟಿಸಿ, ಸ್ಕ್ಯಾನ್ ಮಾಡಲು ಕೈ ಎತ್ತಿದರೆ ಆಫ್! "ಇದರ ಕಥೆ ಮುಗೀತು, ಹೊಸದು ತಗೊಳ್ಳೋಣ" ಎಂದು ಕಂತಿನ ಕಾಗದಕ್ಕೆ ಸಹಿ ಹಾಕುತ್ತೇವೆ. ಸ್ವಲ್ಪ ನಿಲ್ಲಿ. ಲಾಳ ಸವೆದರೆ ಹೊಸ ಲಾಳ ಕಟ್ಟಿಸುತ್ತೇವೆ, ಎತ್ತನ್ನು ಸಂತೆಗೆ ಹೊಡೆಯುವುದಿಲ್ಲ. ಫೋನಿಗೂ ಅದೇ ನ್ಯಾಯ.

ಸವೆಯುವುದು ಹೇಗೆ?

ಫೋನಿನ ಲಿಥಿಯಂ-ಅಯಾನ್ ಬ್ಯಾಟರಿ ತುಂಬಿ ಬರಿದಾದಷ್ಟೂ ಸವೆಯುತ್ತದೆ. ಇವತ್ತು ಅರ್ಧ, ನಾಳೆ ಅರ್ಧ ತುಂಬಿಸಿದರೆ ಒಂದು ಸುತ್ತು. ಬಹಳಷ್ಟು ಬ್ಯಾಟರಿಗಳು ಸುಮಾರು 500 ಸುತ್ತಿಗೆ, ಈಚಿನ ಕೆಲವು 1000 ಸುತ್ತಿಗೆ, ಮೂಲ ಶಕ್ತಿಯ ಶೇ. 80ಕ್ಕೆ ಇಳಿಯುತ್ತವೆ. ದಿನಕ್ಕೊಂದು ಸುತ್ತು ಎಂದರೂ 500 ಮುಗಿಯಲು ಒಂದೂವರೆ ವರ್ಷ ಸಾಕು. ಆಗ 5000 ಎಂಎಎಚ್ ಬ್ಯಾಟರಿ 4000ದಷ್ಟೇ ಹಿಡಿಯುತ್ತದೆ. ಫೋನಿನ ಉಳಿದ ಭಾಗವೆಲ್ಲ ಗಟ್ಟಿಯಾಗಿಯೇ ಇರುತ್ತದೆ.

2017ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿ, ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ತಾನೇ ತಗ್ಗಿಸಿದ್ದಾಗಿ ಒಪ್ಪಿಕೊಂಡಿತು. ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಮಂದವಾಗಿದ್ದ ಫೋನುಗಳು ಹೊಸ ಬ್ಯಾಟರಿ ಬಿದ್ದ ಕೂಡಲೇ ಚುರುಕಾದವು. ಅಷ್ಟು ದಿನ ಎಷ್ಟು ಜನ ಹೊಸ ಫೋನು ಕೊಂಡಿರಬೇಕು, ನೀವೇ ಯೋಚಿಸಿ!

ನಾವು ಮಾಡಬೇಕಾದದ್ದು

1. ಬಿಸಿಲಿಗೆ ಇಡಬೇಡಿ. ಪಂಪ್‌ಹೌಸಿನ ತಗಡಿನ ಕೆಳಗೆ, ಬೈಕಿನ ಟ್ಯಾಂಕಿನ ಮೇಲೆ ಇಟ್ಟ, ರಾತ್ರಿಯೆಲ್ಲ ದಿಂಬಿನಡಿ ಚಾರ್ಜಿಗೆ ಹಾಕಿದ ಫೋನಿನ ಆಯಸ್ಸು ಬೇಗ ಕರಗುತ್ತದೆ. ಚಾರ್ಜನ್ನು ಆದಷ್ಟೂ ಶೇ. 20ರಿಂದ 80ರ ನಡುವೆ ಇಟ್ಟುಕೊಳ್ಳಿ.

2. ಫೋನು ಬದಲಿಸುವ ಮುನ್ನ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿ. ಬಿಲ್ಲು, ವಾರಂಟಿ ಬರೆಸಿಕೊಳ್ಳಿ. ಬಿಐಎಸ್ ಗುರುತಿಲ್ಲದ ಅಗ್ಗದ ಮಾಲು ಬೇಡ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

3. ಊದಿದೆಯೇ ನೋಡಿ. ಕೀಪ್ಯಾಡ್ ಫೋನಿನ ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಬೆರಳಲ್ಲಿ ತಿರುಗಿಸಿ. ಬುಗುರಿಯಂತೆ ಗಿರ್ರೆಂದು ಸುತ್ತಿದರೆ ಹೊಟ್ಟೆ ಊದಿದೆ ಎಂದರ್ಥ. ಟಚ್ ಫೋನಾದರೆ ಪರದೆಯೋ ಹಿಂಬದಿಯೋ ಮೇಲೆದ್ದಿರುತ್ತದೆ. ಅಂಥದ್ದನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹೊತ್ತೀತು. ಮಕ್ಕಳ ಕೈಗೆ ಸಿಗದಂತೆ ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು, ರಿಪೇರಿಯವರ ಹತ್ತಿರ ಒಯ್ಯಿರಿ.

4. ಹಳೆ ಬ್ಯಾಟರಿಯನ್ನು ತಿಪ್ಪೆಗೆ ಹಾಕಬೇಡಿ, ಕಸದ ಜೊತೆ ಸುಡಬೇಡಿ. ತುದಿಗೆ ಟೇಪು ಅಂಟಿಸಿ ಬೇರೆ ಎತ್ತಿಡಿ.

ಇವರನ್ನು ಕೇಳೋಣ

ಯುಪಿಎಸ್, ಸ್ಕೂಟರ್ ಬ್ಯಾಟರಿಯನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಹಳೆಯದಕ್ಕೆ ಅಂಗಡಿಯವರು ದುಡ್ಡು ಕೊಡುತ್ತಾರೆ. ಫೋನು, ಟಾರ್ಚು, ಪವರ್ ಬ್ಯಾಂಕಿನ ಬ್ಯಾಟರಿಯನ್ನು ಕೇಳುವವರೇ ಇಲ್ಲ. ಕಾನೂನೇನೋ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದ, ಆಮದು ಮಾಡಿದ ಕಂಪನಿಗಳದ್ದು. ಬೇರೆ ಕಸಕ್ಕೆ ಸೇರಿಸದೆ ಕೊಡುವ ಹೊಣೆ ನಮ್ಮದು.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ಪಂಚಾಯಿತಿ ಕಚೇರಿಯಲ್ಲಿ ಹಳೆ ಬ್ಯಾಟರಿಗೊಂದು ಡಬ್ಬ ಇಡಿ, ತುಂಬಿದಾಗ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ. ಗುಬ್ಬಿ, ಕುಣಿಗಲ್‌ನ ಪಟ್ಟಣ ಆಡಳಿತಗಳಿಗೂ ಇದೇ ಬೇಡಿಕೆ. ಮೊಬೈಲ್ ಅಂಗಡಿಯ ಅಣ್ಣಂದಿರೇ, ಬ್ಯಾಟರಿ ಬದಲಿಸುವ ದರ ಗೋಡೆಗೆ ಬರೆದು ಹಾಕಿ, ಬಿಚ್ಚಿದ ಹಳೆಯದನ್ನು ಚರಂಡಿಗೆ ಬಿಸಾಡಬೇಡಿ.

ಕಂಪನಿಗಳಿಗೂ ಒಂದು ಮಾತು. ಉಗುರಿನಲ್ಲಿ ಎತ್ತಿದರೆ ಕೈಗೆ ಬರುತ್ತಿದ್ದ ಬ್ಯಾಟರಿಗೆ ಅಂಟು ಬಳಿದು ಮುಚ್ಚಿದವರು ನೀವು. ಬಳಸುವವರೇ ತೆಗೆದು ಹಾಕುವಂತಿರಬೇಕು ಎಂಬ ಯುರೋಪಿನ ನಿಯಮ 2027ರ ಫೆಬ್ರವರಿ 18ರಿಂದ ಜಾರಿ. ನಮಗೇಕಿಲ್ಲ?

ಕೊನೆಯ ಮಾತು

ನಮ್ಮೂರ ಗಣಪ ಕೆರೆಯ ಮಣ್ಣಿನಲ್ಲಿ ಎದ್ದು, ಬಲಿಪಾಡ್ಯಮಿಯಿಂದ ಕಾರ್ತಿಕವಿಡೀ ಪೂಜೆ ಪಡೆದು, ಅದೇ ಕೆರೆಗೆ ಇಳಿದು ಕರಗುತ್ತಾನೆ. ಬ್ಯಾಟರಿಯೊಳಗಿನ ಕೋಬಾಲ್ಟ್, ನಿಕ್ಕಲ್ ಹಾಗೆ ಕರಗಿ ಮಣ್ಣಾಗುವಂಥವಲ್ಲ. ಮಳೆಗೆ ತಿಪ್ಪೆಯ ನೀರು ಹರಿಯುವುದು ತಗ್ಗಿಗೆ. ಊರಿನ ತಗ್ಗೆಂದರೆ ಕೆರೆ. ಮುಂದಿನ ವರ್ಷ ಗಣಪನಿಗೆ ಮಣ್ಣು ತೆಗೆಯುವುದೂ ಅಲ್ಲಿಂದಲೇ.

ಇವತ್ತು ರಾತ್ರಿ ಮನೆಯ ಡ್ರಾಯರ್ ಎಳೆದು ಹಳೆ ಬ್ಯಾಟರಿ ಎಷ್ಟಿವೆ ಎಣಿಸಿ. ಆ ಲೆಕ್ಕ ಹಿಡಿದು ಗ್ರಾಮಸಭೆಗೆ ಬನ್ನಿ.

ಇಂತಿ,
ಗೂಳೂರಿನ ಕೆಲವು ಗೆಳೆಯರು

(ಓದಿದ ಮೇಲೆ ಬಿಸಾಡಬೇಡಿ, ಪಕ್ಕದ ಮನೆಯವರಿಗೆ ಕೊಡಿ.)