ಊರಾಚೆಯ ದೊಡ್ಡ ಅಂಗಡಿಗೆ ನಮ್ಮವರು ಏಕೆ ಹೋಗುತ್ತಾರೆ?



ಬೋನಸ್ ಬಟವಾಡೆಯಾದ ಮರುವಾರ ನಮ್ಮ ತೋಟಗಳ ಲೈನುಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ದೂರುವವರು ಬೇರೆ ಬೇರೆ, ದೂರು ಮಾತ್ರ ಒಂದೇ. ಸಭೆಯ ಹಿರಿಯರು, ಭಾನುವಾರ ದೇವಾಲಯದ ಬೆಂಚುಗಳು ಖಾಲಿ ಬಿದ್ದಿದ್ದವು, ಜನರೆಲ್ಲ ಜೀಪು ಮಾಡಿಕೊಂಡು ಮಾಲ್ ನೋಡಲು ಹೋಗಿದ್ದರು ಎನ್ನುತ್ತಾರೆ. ಸಂಘದ ಮುಂದಾಳುಗಳು, ಹೋರಾಡಿ ತಂದ ಹಣವನ್ನು ಒಯ್ದು ಬಂಡವಾಳಗಾರನ ಪೆಟ್ಟಿಗೆಗೇ ಸುರಿದು ಬಂದರು ಎನ್ನುತ್ತಾರೆ. ತೋಟದ ಕೆಳಗೆ ಅಂಗಡಿ ಇಟ್ಟಿರುವವರು, ಮಳೆಗಾಲದಲ್ಲಿ ಕಡಕ್ಕೆ ನಾವು ಬೇಕು, ಕಾಸು ಬಂದಾಗ ಅವರು ಬೇಕು ಎನ್ನುತ್ತಾರೆ.

ಮೂವರ ಮಾತಿನಲ್ಲಿಯೂ ಸತ್ಯವಿದೆ. ಅಂಗಡಿಯವರ ಮಾತಿನಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದೆ. ಆದರೆ ಹೋಗಿ ಬಂದವರನ್ನು ಕೂರಿಸಿಕೊಂಡು, ಅಮ್ಮಾ ನೀವು ಏಕೆ ಹೋದಿರಿ ಎಂದು ಕೇಳಿದವರು ಕಡಿಮೆ. ಈ ಸಲ ನಾವು ಕೇಳಿದೆವು. ಕೇಳಿದ್ದನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇವೆ.

ಮೊದಲು ಎಲ್ಲಿಗೆ ಹೋಗುತ್ತಾರೆಂಬುದನ್ನು ನೋಡೋಣ. ಗೂಡಲೂರು ಮೂರು ರಾಜ್ಯಗಳ ದಾರಿ ಕೂಡುವ ಊರು. ಒಂದು ದಾರಿ ಮುದುಮಲೆ, ಬಂಡೀಪುರದ ಕಾಡು ದಾಟಿ ಗುಂಡ್ಲುಪೇಟೆ, ಮೈಸೂರಿಗೆ. ಒಂದು ಊಟಿ, ಮೇಟ್ಟುಪಾಳ್ಯದ ಮೇಲೆ ಕೊಯಮತ್ತೂರಿಗೆ. ಇನ್ನೊಂದು ವಯನಾಡಿಗೆ, ಅಲ್ಲಿಂದ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕೋಝಿಕೋಡಿಗೆ. ಕೋಝಿಕೋಡಿನಲ್ಲಿ ಮೊದಲು ಬೈಪಾಸ್ ರಸ್ತೆಯ ಮಾಲ್ ಬಂತು, 2024ರ ಸೆಪ್ಟೆಂಬರಿನಲ್ಲಿ ಮಾಂಕಾವಿನಲ್ಲಿ ಲುಲು ಮಾಲ್ ತೆರೆಯಿತು. ಕೊಯಮತ್ತೂರಿನಲ್ಲಿ ಸತ್ಯಮಂಗಲದ ರಸ್ತೆಯ ಬದಿಗೆ ಒಂದಿದೆ. ಇಂಥವು ಪೇಟೆಯ ನಡುವೆ ಇರುವುದಕ್ಕಿಂತ ಪೇಟೆಯ ಅಂಚಿನಲ್ಲಿರುವುದೇ ಹೆಚ್ಚು. ಅಲ್ಲಿ ನೆಲ ಅಗ್ಗ, ನೂರಾರು ಕಾರು ನಿಲ್ಲಿಸಲು ಜಾಗ. ಕಾರಿನವರಿಗೆಂದು ಕಟ್ಟಿದ ಸ್ಥಳಕ್ಕೆ ನಮ್ಮವರು ಎರಡು ಬಸ್ಸು ಬದಲಿಸಿ ಹೋಗುತ್ತಾರೆ.

ಹೋಗಿ ಬರುವುದೇನು ಸುಲಭವೇ? ಬಂಡೀಪುರದ ಎರಡು ಹೆದ್ದಾರಿಗಳಲ್ಲಿಯೂ, ಅಂದರೆ ಗೂಡಲೂರಿನ ದಾರಿಯಲ್ಲಿಯೂ ಸುಲ್ತಾನ್ ಬತ್ತೇರಿಯ ದಾರಿಯಲ್ಲಿಯೂ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ಬಿಡುವು. ಮೈಸೂರಿಗೆ ಹೋದವರು ಹೊತ್ತು ಮುಳುಗುವ ಮೊದಲೇ ಮಕ್ಕಳನ್ನು ಎಳೆದುಕೊಂಡು ಬಸ್ ನಿಲ್ದಾಣಕ್ಕೆ ಓಡಬೇಕು. ಇಷ್ಟು ಕಷ್ಟಪಟ್ಟು ಹೋಗುವವರಿಗೆ ಬರಿಯ ಆಸೆಬುರುಕತನ ಎಂದು ಹೆಸರಿಟ್ಟರೆ ನ್ಯಾಯವಾಗುವುದಿಲ್ಲ.

ಅಗ್ಗವೆಂದು ಹೋಗುತ್ತಾರೆಯೇ? ಬಾಯಲ್ಲಿ ಹಾಗೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ನಿಲ್ಲುವುದಿಲ್ಲ. ಒಂದು ಲೀಟರ್ ಎಣ್ಣೆಗೆ ಹತ್ತು ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳೋಣ. ಐದು ಲೀಟರ್ ತಂದರೆ ಐವತ್ತು. ನಾಲ್ಕು ಜನರ ಬಸ್ ಚಾರ್ಜು ಅದನ್ನು ಹೋಗುವ ದಾರಿಯಲ್ಲಿಯೇ ನುಂಗಿಬಿಡುತ್ತದೆ. ಈ ಲೆಕ್ಕ ನಮ್ಮ ಹೆಂಗಸರಿಗೆ ತಿಳಿಯದೆ ಇಲ್ಲ. ಚೆಕ್‌ರೋಲಿನಲ್ಲಿ ಅರ್ಧ ಕಿಲೋ ಸೊಪ್ಪು ಕಡಿಮೆ ಬರೆದರೂ ಹಿಡಿದು ಕೇಳುವವರು ಅವರು. ತಣ್ಣನೆಯ ಗಾಳಿಗಾಗಿ ಹೋಗುತ್ತಾರೆ ಎಂದು ಪೇಟೆಯವರು ಬರೆಯುವುದುಂಟು. ನೀಲಗಿರಿಯವರಿಗೆ ಆ ಮಾತು ಹೇಳಿದರೆ ನಗು ಬರುತ್ತದೆ. ಚಳಿ ನಮ್ಮಲ್ಲಿ ಬಿಟ್ಟಿಯೇ ಸಿಗುತ್ತದೆ.

ಒಬ್ಬ ತಾಯಿ ಹೇಳಿದ್ದು ಹೀಗೆ: ಅಲ್ಲಿ ಎಲ್ಲಕ್ಕೂ ರೇಟು ಬರೆದು ಅಂಟಿಸಿದ್ದಾರೆ, ನಾನು ಯಾರನ್ನೂ ಕೇಳಬೇಕಾಗಿಲ್ಲ, ಮುಟ್ಟಿ ನೋಡಿ ಬೇಡವೆಂದು ಇಟ್ಟು ಬಂದರೂ ಯಾರೂ ಬೈಯುವುದಿಲ್ಲ. ನಮ್ಮ ಕೆಳಗಿನ ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ಆಕೆ ಬರಿಯ ಗಿರಾಕಿಯಲ್ಲ, ಇಂಥ ಲೈನಿನ, ಇಂಥವನ ಹೆಂಡತಿ, ಇಷ್ಟು ಸಾವಿರ ಬಾಕಿಯವಳು. ಸಾಬೂನು ಕೇಳಿದರೆ ಮೊದಲು ಬರುವುದು ಸಾಬೂನಲ್ಲ, ಕಡದ ಪುಸ್ತಕ. ನಾಲ್ಕು ಜನರ ಮುಂದೆ ಬಾಕಿಯ ಮೊತ್ತವನ್ನು ಗಟ್ಟಿಯಾಗಿ ಓದುವುದೂ ಉಂಟು. ಕೊಟ್ಟ ಸಾಮಾನಿಗೆ ಚೀಟಿ ಇಲ್ಲ, ತಕ್ಕಡಿಯ ಮುಖ ಅಂಗಡಿಯವನ ಕಡೆಗೆ. ಸಾಲದವಳು ತೂಕ ಸರಿಯಿಲ್ಲ ಎಂದು ಹೇಳುವುದು ಹೇಗೆ? ಊರಾಚೆಯ ಅಂಗಡಿಯಲ್ಲಿ ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ. ಅದೇ ಆಕೆಗೆ ಅಲ್ಲಿ ಸಿಗುವ ಮರ್ಯಾದೆ.

ಮತ್ತೊಂದು ಕಾರಣವನ್ನು ಹೆಂಗಸರು ಗಂಡಸರ ಮುಂದೆ ಹೇಳಲಿಲ್ಲ, ಆಮೇಲೆ ನಮ್ಮ ಸಹೋದರಿಯರ ಮೂಲಕ ತಿಳಿಯಿತು. ಅಲ್ಲಿ ನೀರಿರುವ ಶುಚಿಯಾದ ಶೌಚಾಲಯವಿದೆ, ಬಾಗಿಲಿಗೆ ಚಿಲಕವಿದೆ. ಕೇಳಿ ನಾಚಬೇಕಾದವರು ನಾವು, ಅವರಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಕುಡಿಯುವ ನೀರು, ಶೌಚಾಲಯ, 150 ಮಂದಿ ದುಡಿಯುವಲ್ಲಿ ಕ್ಯಾಂಟೀನು, ಶಿಶುವಿಹಾರ, ಮನರಂಜನೆಗೆ ಸೌಕರ್ಯ, ಎಲ್ಲವನ್ನೂ ಬರೆದಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ಅಷ್ಟು ವರ್ಷಗಳಲ್ಲಿ ಸೊಪ್ಪು ಕೀಳುವ ಕಾಡಿನ ಬದಿಯಲ್ಲಿ ಒಂದು ಮರೆಯನ್ನು ಕಟ್ಟಿಸದ ತೋಟಗಳು ಎಷ್ಟೋ ಇವೆ. ಕಾಯ್ದೆ ಕೊಡಬೇಕಾಗಿದ್ದನ್ನು ನೋಡಲು ಹೆಣ್ಣುಮಗಳು ನೂರು ಕಿಲೋಮೀಟರು ಹೋಗುತ್ತಾಳೆ.

ಇನ್ನು, ಕೇಳಿ ನಮ್ಮ ಮನಸ್ಸು ಕರಗಿದ ಕಾರಣ ಬೇರೆಯೇ ಇದೆ. ನಮ್ಮ ಮಕ್ಕಳು ಈಗ ತೋಟದಲ್ಲಿ ಇಲ್ಲ. ತಿರುಪ್ಪೂರಿನ ಬನಿಯನ್ ಕಂಪನಿ, ಕೊಯಮತ್ತೂರಿನ ಮಿಲ್ಲು, ಮೈಸೂರು ಬೆಂಗಳೂರಿನ ಗಾರ್ಮೆಂಟ್ಸ್, ಎಂದು ಚದುರಿಹೋಗಿದ್ದಾರೆ. ಹೆಣ್ಣುಮಕ್ಕಳು ಹಾಸ್ಟೆಲಿನಲ್ಲಿ ಇರುತ್ತಾರೆ. ಹಾಸ್ಟೆಲಿಗೆ ತಂದೆ ತಾಯಿ ಹೋದರೆ ಗೇಟಿನ ಬಳಿ ಹತ್ತು ನಿಮಿಷ ನಿಂತು ಮಾತಾಡಿ ಬರಬೇಕು. ಮಗಳಿಗೆ ಎರಡು ದಿನ ರಜೆ ಸಿಗದೆ ಬೆಟ್ಟ ಹತ್ತಿ ಬರಲಾಗದು. ಹೀಗಾಗಿ ಇವರು ಕೆಳಗೆ ಇಳಿಯುತ್ತಾರೆ, ಆಕೆ ಅಲ್ಲಿಂದ ಬರುತ್ತಾಳೆ, ನಡುವೆ ಸೇರುವುದು ಆ ದೊಡ್ಡ ಅಂಗಡಿಯ ಒಳಗೆ. ಮಳೆ ಬಂದರೂ ನೆನೆಯುವುದಿಲ್ಲ, ಕೂರಲು ಬೆಂಚು ಇದೆ, ಏನಾದರೂ ಕೊಳ್ಳುತ್ತೀರಾ ಎದ್ದೇಳಿ ಎನ್ನುವವರಿಲ್ಲ. ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಯನ್ನು ಮಾತ್ರ ಒಳಗೆ ಬಿಡುವುದಿಲ್ಲ. ಮೆಟ್ಟಿಲ ಹೊರಗೆ ಕೂತು ತಿಂದು ಒಳಗೆ ಹೋದೆವು ಎಂದರು ಒಬ್ಬರು. ಮೂರು ಗಂಟೆ ಮಗಳ ಮುಖ ನೋಡಿದೆವು, ಇನ್ನೂರು ರೂಪಾಯಿಯ ಸಾಮಾನು ಕೊಂಡೆವು, ಬಂದೆವು. ಇಂಥವರನ್ನು ಭಾನುವಾರ ಆರಾಧನೆಗೆ ಬರಲಿಲ್ಲವೆಂದು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸುವುದು ಬೇಡ. ಸಬ್ಬತ್ ದಿನದಲ್ಲಿ ಹಸಿದ ಶಿಷ್ಯರು ತೆನೆ ಕಿತ್ತು ತಿಂದಾಗ ಕರ್ತನು ಯಾರ ಪಕ್ಷ ವಹಿಸಿದನೆಂಬುದನ್ನು ಹಿರಿಯರು ಬಲ್ಲರು. ತೋಟದವರಿಗೆ ರಜೆ ಇರುವುದೇ ಆ ಒಂದು ದಿನ.

ಈ ಬಗೆಯ ಅಂಗಡಿಯನ್ನು ಮೊದಲು ಕಲ್ಪಿಸಿದವನಿಗೂ ಜನ ಸೇರಬೇಕೆಂಬ ಆಸೆಯೇ ಇತ್ತು. ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ, ವಿಯೆನ್ನಾದ ಯೆಹೂದಿ, ಸಮಾಜವಾದಿ, 1938ರಲ್ಲಿ ಹಿಟ್ಲರನ ಕಡೆಯವರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದನು. ಮಿನಿಯಾಪೊಲಿಸ್ ಪಟ್ಟಣದ ಹೊರಗೆ ಈಡೈನಾ ಎಂಬಲ್ಲಿ 1956ರಲ್ಲಿ ಅವನ ಸೌತ್‌ಡೇಲ್ ತೆರೆಯಿತು. ಒಂದೇ ಸೂರಿನ ಕೆಳಗೆ 72 ಅಂಗಡಿ, ನಡುವೆ ಜನರು ಕೂಡುವ ಅಂಗಳ. ಸುತ್ತಲೂ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ ಎದ್ದು ಒಂದು ಊರೇ ಆಗಬೇಕೆಂಬುದು ಅವನ ನಕ್ಷೆ. ಎದ್ದದ್ದು ಅಂಗಡಿ ಮತ್ತು ಕಾರು ನಿಲ್ಲುವ ಬಯಲು. ಕೊನೆಗೆ ಅವನು ಇವು ನನ್ನವಲ್ಲ ಎಂದು ಕೈ ತೊಳೆದುಕೊಂಡು ವಿಯೆನ್ನಾಕ್ಕೆ ಹಿಂತಿರುಗಿ 1980ರಲ್ಲಿ ತೀರಿಕೊಂಡನು. ಜನರಿಗೆ ಬೇಕಾದದ್ದು ಅಂಗಳ. ಅದನ್ನು ಕೊಟ್ಟವರು ಅಂಗಡಿಯವರು ಮಾತ್ರ. ಆದ್ದರಿಂದ ಜನ ಅಂಗಡಿಗೆ ಹೋಗುತ್ತಾರೆ. ನಮ್ಮ ತೋಟಗಳಲ್ಲಿಯೂ ಇದೇ ಕಥೆಯಲ್ಲವೇ? ಕ್ಲಬ್ಬೆಂದು ಕಟ್ಟಿದ ಕೋಣೆಗೆ ಬೀಗ, ಒಳಗೆ ಗೊಬ್ಬರದ ಮೂಟೆ.

ಹಾಗೆಂದು ಆ ಅಂಗಡಿಗಳನ್ನು ಹೊಗಳಲು ನಾವು ಕೂತಿಲ್ಲ. ಅಲ್ಲಿ ನಗುನಗುತ್ತಾ ಬಟ್ಟೆ ಮಡಿಸಿಡುವ ಹುಡುಗಿ ಯಾರು? ನಮ್ಮ ಲೈನಿನ ಹುಡುಗಿಯೂ ಆಗಿರಬಹುದು. ದಿನವೆಲ್ಲ ನಿಂತೇ ಇರುತ್ತಾಳೆ. ಕೋಝಿಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ, ಕೂರಲು ಅಪ್ಪಣೆಯೂ ಇರಲಿಲ್ಲ. ದರ್ಜಿ ಕೆಲಸದ ವಿಜಿ ಎಂಬ ಮಹಿಳೆಯೂ ಸಂಗಡಿಗರೂ ‘ಪೆಣ್‌ಕೂಟ್ಟ್’ ಎಂದು ಕೂಡಿ ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದರು. ತ್ರಿಶೂರಿನಲ್ಲಿಯೂ ಜವಳಿ ಅಂಗಡಿಯ ಹೆಂಗಸರು ಕೂರುವ ಹಕ್ಕಿಗಾಗಿ ಸತ್ಯಾಗ್ರಹ ಹೂಡಿದರು. ಫಲವಾಗಿ 2018ರಲ್ಲಿ ಕೇರಳವೂ 2021ರಲ್ಲಿ ತಮಿಳುನಾಡೂ ಅಂಗಡಿ ಕೆಲಸಗಾರರಿಗೆ ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ಮುಂದಿನ ಸಲ ಹೋಗುವವರು ಚಲಿಸುವ ಮೆಟ್ಟಿಲನ್ನು ನೋಡಿದ ಮೇಲೆ ಆ ಹುಡುಗಿಯ ಹಿಂದೆ ಸ್ಟೂಲು ಇದೆಯೇ ಎಂದೂ ನೋಡಿ ಬನ್ನಿರಿ. ಇಲ್ಲದಿದ್ದರೆ ಸಂಘಕ್ಕೆ ತಿಳಿಸಿರಿ.

ಮೊಬೈಲನ್ನೂ ಟಿ.ವಿ.ಯನ್ನೂ ಕಂತಿನ ಮೇಲೆ ಕೊಡುವ ಮೇಜಿನ ಬಗ್ಗೆ ಒಂದು ಮಾತು. ಕೆಳಗಿನ ಅಂಗಡಿಯ ಕಡದಿಂದ ತಪ್ಪಿಸಿಕೊಂಡು ಹೋದವರು ಅಲ್ಲಿ ಹನ್ನೆರಡು ತಿಂಗಳ ಕಡಕ್ಕೆ ಸಹಿ ಹಾಕಿ ಬರುತ್ತಾರೆ. ಕೆಳಗಿನ ಅಂಗಡಿಯವನ ಹತ್ತಿರ ಮಳೆಗಾಲ ಮುಗಿಯಲಿ ಅಣ್ಣಾ ಎನ್ನಬಹುದು. ಬ್ಯಾಂಕಿನ ಯಂತ್ರಕ್ಕೆ ಅಣ್ಣನೂ ಇಲ್ಲ, ಮಳೆಗಾಲವೂ ಇಲ್ಲ.

ಕೆಳಗಿನ ಅಂಗಡಿಯವರ ದೂರಿಗೆ ಈಗ ಬರೋಣ. 2020ರಲ್ಲಿ ಬಸ್ಸುಗಳೆಲ್ಲ ನಿಂತುಹೋದಾಗ ಅಕ್ಕಿ ಬೇಳೆ ಕೊಟ್ಟವರು ಯಾರು? ಸಂಬಳ ತಡವಾದ ತಿಂಗಳಲ್ಲಿ ಮಗುವಿಗೆ ಹಾಲಿನ ಪುಡಿ ಕೊಟ್ಟವರು ಯಾರು? ಮಾಲಿನವರಲ್ಲ. ಬೋನಸ್ ಬಂದ ದಿನ ಆ ಬಾಕಿಯನ್ನು ತೀರಿಸದೆ ಜೀಪು ಹತ್ತುವುದು ಸರಿಯಲ್ಲ, ಇದನ್ನು ಕಡ್ಡಿ ಮುರಿದಂತೆ ಹೇಳುತ್ತೇವೆ. ಬೋನಸ್ ಎಂದರೆ ಕನಿಷ್ಠ ಶೇಕಡಾ 8.33, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಕೂಲಿ. 1965ರ ಕಾಯ್ದೆಯಲ್ಲಿದ್ದ ಈ ಪ್ರಮಾಣ 2019ರ ವೇತನ ಸಂಹಿತೆಯಲ್ಲಿಯೂ ಹಾಗೆಯೇ ಉಳಿದಿದೆ. ಅದರಲ್ಲಿ ಮೊದಲ ಪಾಲು ಕಡದ ಪುಸ್ತಕದ ಗೆರೆ ಹೊಡೆಯಲು. ಆದರೆ ಗೆರೆ ಹೊಡೆಸುವಾಗ ಚೀಟಿ ಕೇಳಿ ಪಡೆಯಬೇಕು. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಬರೆದಿದ್ದರೂ ಕೊಡಬೇಕಾಗಿಲ್ಲ. ಕಡವೆಂದು ಬೆಲೆ ಏರಿಸುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ತೂಕ ಅಳತೆಯ ಇಲಾಖೆಗೆ ದೂರು ಕೊಡಬಹುದು. ಪ್ರವಾದಿಯಾದ ಆಮೋಸನು ಬೈದದ್ದು ಇಂಥವರನ್ನೇ. ಹಬ್ಬದ ದಿನ ಎಂದು ಮುಗಿಯುವುದೋ, ಕೊಳಗ ಕಿರಿದು ಮಾಡಿ ಹೊಟ್ಟು ಬೆರೆಸಿ ಮಾರುವುದು ಎಂದೋ ಎಂದು ಕಾದು ಕೂತ ವ್ಯಾಪಾರಿಗಳನ್ನು. ಆ ಅಧ್ಯಾಯ ಬಡವರ ಕಡದ ಪುಸ್ತಕವನ್ನು ಕಂಡವನು ಬರೆದಂತಿದೆ.

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಇದೇ ಕಷ್ಟ ಅನುಭವಿಸಿದ 28 ಮಂದಿ, ಬಹಳ ಮಂದಿ ಮಗ್ಗದ ಕೆಲಸಗಾರರು, ತಲೆಗೆ ಒಂದು ಪೌಂಡಿನಂತೆ ಸೇರಿಸಿ 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಬೀದಿಯಲ್ಲಿ ಅಂಗಡಿ ತೆರೆದರು. ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ನುಚ್ಚು, ಇಂಥ ಕೆಲವೇ ಸಾಮಾನು. ಸರಿಯಾದ ತೂಕ, ಕಲಬೆರಕೆ ಇಲ್ಲ, ಲಾಭವನ್ನು ಕೊಂಡವರಿಗೇ ಹಂಚುವುದು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಕಡವಿಲ್ಲ. ಕನ್ನಡ ನಾಡಿಗೂ ಸಹಕಾರದ ಪಾಠ ಹೊಸದಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಸ್ಥಾಪಿಸಿದ್ದು 1905ರಲ್ಲಿ. ನಾಳೆಯೇ ನಾವು ಅಂಗಡಿ ತೆರೆಯಬೇಕೆಂದು ಹೇಳುತ್ತಿಲ್ಲ. ಅದಕ್ಕೆ ಲೆಕ್ಕ ಬಲ್ಲವರು ಬೇಕು, ಕದಿಯದವರು ಬೇಕು. ಆದರೆ ಒಂದು ಲೈನಿನ ಹತ್ತು ಮನೆ ಕೂಡಿ ಅಕ್ಕಿ, ಎಣ್ಣೆ, ಸಾಬೂನನ್ನು ಗೂಡಲೂರಿನ ಸಗಟು ಅಂಗಡಿಯಿಂದ ತಿಂಗಳಿಗೊಮ್ಮೆ ಒಟ್ಟಿಗೆ ತರಿಸಿದರೆ ಒಂದೇ ಜೀಪಿನ ಬಾಡಿಗೆ. ಆಗ ಊರಾಚೆಗೆ ಹೋಗುವವರು ಎಣ್ಣೆಯ ನೆಪ ಹೇಳಬೇಕಾಗಿಲ್ಲ, ಮಗಳನ್ನು ನೋಡಿ ಬರುತ್ತೇವೆಂದು ನೇರವಾಗಿಯೇ ಹೇಳಿ ಹೋಗಬಹುದು.

ಸಂಘದವರಲ್ಲಿ ನಮ್ಮ ಬಿನ್ನಹ: ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಕೆಳಗೆ ಎರಡನೆಯ ಸಾಲಾಗಿ ಕೆಲಸದ ಕಾಡಿನ ಬಳಿ ಶೌಚಾಲಯವನ್ನು ಬರೆಯಿರಿ, ಹದಿನಾಲ್ಕನೆಯ ಸಾಲಾಗಿ ಅಲ್ಲ. ವಾಚಕರಲ್ಲಿ ಬಿನ್ನಹ: ನಿಮ್ಮ ತೋಟದ ಕೆಳಗಿನ ಅಂಗಡಿಯಲ್ಲಿ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಸಾಬೂನು, ಈ ಐದರ ಬೆಲೆಯನ್ನು, ರೊಕ್ಕಕ್ಕೆ ಎಷ್ಟು ಕಡಕ್ಕೆ ಎಷ್ಟು ಎಂದು, ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಂದಿನ ಬಟವಾಡೆಯೊಳಗೆ ಕಳುಹಿಸಿರಿ. ಅಂಗಡಿಯ ಹೆಸರನ್ನಾಗಲಿ ಬರೆದವರ ಹೆಸರನ್ನಾಗಲಿ ಹಾಕದೆ, ತೋಟದಿಂದ ತೋಟಕ್ಕೆ ಬೆಲೆ ಹೇಗಿದೆಯೆಂದು ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಬಹುದು.