ಚಳಿಗಾಲದ ಹಕ್ಕಿಗಳೂ ನಮ್ಮ ಬಾಲಿಕೆಯರೂ

ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಮಕ್ಕಳ ತಾಯಿತಂದೆಗಳಲ್ಲಿಯೂ ಈ ಸಂಚಿಕೆಯ ಮೂಲಕ ಒಂದು ಮಾತನ್ನು ಅರಿಕೆಮಾಡಿಕೊಳ್ಳುತ್ತೇನೆ. ಬರುವ ಡಿಸೆಂಬರಿನಲ್ಲಿ ಬಾಲಿಕೆಯರನ್ನು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಗೆ ಪಕ್ಷಿವೀಕ್ಷಣೆಗಾಗಿ ಕರೆದೊಯ್ಯುವೆವೆಂದು ತಿಳಿಸಿದಾಗ, ಪರೀಕ್ಷೆಗೆ ಬಾರದ ಈ ವಿನೋದವೇತಕ್ಕೆಂದು ಕೆಲವರು ಕೇಳಿದರು. ಪ್ರಶ್ನೆಯು ನ್ಯಾಯವಾದುದು, ಅದಕ್ಕೆ ಉತ್ತರಕೊಡುವುದು ನನ್ನ ಕರ್ತವ್ಯವು.

ಮಳೆಗಾಲವು ಕಳೆದು ಜಿಗಣೆಗಳ ಕಾಟವು ತಗ್ಗಿದ ಮೇಲೆ ಈ ಬೆಟ್ಟಗಳ ಕಾಡು ಅತಿಥಿಗಳಿಂದ ತುಂಬುತ್ತದೆ. ಹಿಮಾಲಯದಿಂದಲೂ ಅದರಾಚೆಯಿಂದಲೂ ಹಕ್ಕಿಗಳು ಪಶ್ಚಿಮಘಟ್ಟಗಳಿಗೆ ಬಂದಿಳಿಯುತ್ತವೆ. ಹತ್ತು ಗ್ರಾಂ ತೂಕವೂ ಇಲ್ಲದ ಎಲೆ ಉಲಿಯಕ್ಕಿಯು ಅಷ್ಟು ದೂರವನ್ನು ತನ್ನ ಎರಡು ರೆಕ್ಕೆಗಳಿಂದಲೇ ದಾಟುತ್ತದೆ. ನವರಂಗವು ತರಗೆಲೆಗಳನ್ನು ಕೆದಕುತ್ತ ನಡೆಯುತ್ತದೆ. ಇಲ್ಲಿಯೇ ನೆಲಸಿರುವ ಭೀಮರಾಜನಾದರೋ ಬೇರೆ ಹಕ್ಕಿಗಳ ಕೂಗನ್ನು ಚೆನ್ನಾಗಿ ಅನುಕರಿಸುವನು. ಕಿವಿಯೊಂದನ್ನೇ ನಂಬಿದವಳು ಮೋಸಹೋಗುವಳು. ಕಂಡದ್ದಿಷ್ಟು, ಕೇಳಿದ್ದಿಷ್ಟು, ಊಹಿಸಿದ್ದಿಷ್ಟು ಎಂದು ಬೇರ್ಪಡಿಸಿ ಬರೆಯುವುದೇ ಈ ಅಭ್ಯಾಸದ ಸಾರವು. ಸತ್ಯವನ್ನು ನುಡಿಯಬೇಕೆಂದು ನಾವು ಮಕ್ಕಳಿಗೆ ದಿನವೂ ಬೋಧಿಸುತ್ತೇವೆ. ಸತ್ಯವನ್ನು ಕಂಡುಕೊಳ್ಳುವ ಬಗೆಯನ್ನು ಎಷ್ಟು ಸಾರಿ ಕಲಿಸುತ್ತೇವೆ?

ಈ ಪಾಠವು ಮೊದಲು ನನಗೇ ಬೇಕಾಗಿತ್ತು. ನಾನು ಉಪಾಧ್ಯಾಯಿನಿಯಾದ ಹೊಸತರಲ್ಲಿ, ಕಾಫಿ ತೋಟದಿಂದ ಬಂದ ಹುಡುಗಿಯೊಬ್ಬಳು ತನ್ನ ಪುಸ್ತಕದಲ್ಲಿ, “ನಮ್ಮ ಹಳ್ಳದ ಬೂದು ಸಿಪಿಲೆ ಈ ವರ್ಷವೂ ಬಂದಿತು” ಎಂದು ಬರೆದಿದ್ದಳು. ನಾನು ಆ ವಾಕ್ಯವನ್ನು ಕೆಂಪು ಶಾಯಿಯಿಂದ ಹೊಡೆದು, “ಅದೇ ಹಕ್ಕಿಯೆಂದು ಹೇಗೆ ತಿಳಿಯಿತು? ಕಲ್ಪನೆಯನ್ನು ಬರೆಯಬೇಡ” ಎಂದು ಬರೆದೆನು. ಅವಳು ಏನೂ ಹೇಳಲಿಲ್ಲ. ಆದರೆ ಆ ಪುಸ್ತಕದಲ್ಲಿ ಮತ್ತೆ ಹಕ್ಕಿಯ ಮಾತು ಬರಲಿಲ್ಲ. ವರುಷಗಳ ತರುವಾಯ, ತನ್ನ ಮಗಳನ್ನು ಶಾಲೆಗೆ ಸೇರಿಸಲು ಬಂದಾಗ ಅವಳೇ ನಗುತ್ತ, “ಅದರ ಎಡಗಾಲಿನಲ್ಲಿ ಒಂದು ಬೆರಳು ಇರಲಿಲ್ಲ, ಎರಡು ವರ್ಷವೂ ನೋಡಿದ್ದೆ” ಎಂದಳು. ಕಾಲಿಗೆ ಉಂಗುರ ತೊಡಿಸಿ ಬಿಟ್ಟ ಸಿಪಿಲೆಗಳು ಚಳಿಗಾಲದಲ್ಲಿ ಹಿಂದಿನ ಎಡೆಗೇ ಮರಳುವುದುಂಟೆಂದು ಅಷ್ಟರಲ್ಲಿ ನಾನೂ ಓದಿದ್ದೆನು. ನನ್ನ ಪ್ರಶ್ನೆಯು ಸರಿಯಾದುದೇ ಆಗಿತ್ತು. ಉತ್ತರಕ್ಕೆ ಕಾಯದೆ ತೀರ್ಪನ್ನು ಬರೆದುದೇ ನನ್ನ ತಪ್ಪು.

ಪಕ್ಷಿಶಾಸ್ತ್ರಜ್ಞರಾದ ಸಲೀಂ ಆಲಿಯವರ (1896–1987) ಬಾಲ್ಯವನ್ನು ಇದರೊಡನೆ ಹೋಲಿಸಿರಿ. ಕೊರಳಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಿಯೊಂದನ್ನು ಹಿಡಿದುಕೊಂಡು ಅವರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ, ಕಾರ್ಯದರ್ಶಿಯಾದ ಮಿಲ್ಲಾರ್ಡರು ಹುಡುಗನ ಪ್ರಶ್ನೆಯೆಂದು ತಳ್ಳಿಹಾಕದೆ, ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ತೋರಿಸಿದರು. ಆ ಹುಡುಗನ ಬಾಳು ಅಲ್ಲಿಂದ ದಾರಿ ಕಂಡಿತು.

ಹೆಣ್ಣುಮಕ್ಕಳಿಗೆ ಇದು ತಕ್ಕುದೇ ಎನ್ನುವವರು ಜಮಾಲ್ ಆರಾ ಎಂಬ ಮಹಿಳೆಯನ್ನು ನೆನೆಯಲಿ. ಛೋಟಾ ನಾಗಪುರದ ಕಾಡುಗಳಲ್ಲಿ ಹಕ್ಕಿಗಳನ್ನು ಅಭ್ಯಸಿಸಿದ ಆಕೆ ಮಕ್ಕಳಿಗಾಗಿ ಬರೆದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟಿನವರು 1970ರಲ್ಲಿ ಪ್ರಕಟಿಸಿದರು.

ಆದುದರಿಂದ ಪೋಷಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮಗಳಿಗೆ ಒಂದು ಬೆಚ್ಚನೆಯ ಅಂಗಿ, ಒಂದು ಸಣ್ಣ ಪುಸ್ತಕ, ಒಂದು ಸೀಸದಕಡ್ಡಿ, ಇವನ್ನು ಕೊಟ್ಟು ಕಳುಹಿಸಿರಿ. ಗೂಡಿನ ಹತ್ತಿರ ಹೋಗಗೊಡಿಸದಂತೆಯೂ, ಗದ್ದಲದಿಂದ ಹಕ್ಕಿಗಳನ್ನು ಬೆದರಿಸದಂತೆಯೂ ನಾವು ನೋಡಿಕೊಳ್ಳುವೆವು. ಅವಳು ಮರಳಿ ಬಂದು ನಂಬಲಾಗದ ಸಂಗತಿಯೊಂದನ್ನು ಹೇಳಿದರೆ, “ಹೇಗೆ ತಿಳಿಯಿತು?” ಎಂದು ಅವಶ್ಯವಾಗಿ ಕೇಳಿರಿ. ಕೇಳಿದ ಮೇಲೆ, ಅವಳು ಹೇಳಿ ಮುಗಿಸುವ ತನಕ ದಯವಿಟ್ಟು ಕಾದಿರಿ.